ರಕ್ತದ ಹಾರ್ಮೋನ್ ಮತ್ತು ಸ್ತನ ಕ್ಯಾನ್ಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮುಟ್ಟು ಏರುಪೇರಾಯಿತು ಅಂತ ಡಾಕ್ಟರ್ ಹಾರ್ಮೋನ್ ಟೆಸ್ಟ್ ಬರೆದುಕೊಡುತ್ತಾರೆ. ರಿಪೋರ್ಟ್ ಬಂದಾಗ ಒಂದು ಅಂಕಿ ದಪ್ಪಗೆ ಅಚ್ಚಾಗಿರುತ್ತದೆ, ಪಕ್ಕದಲ್ಲೊಂದು ಬಾಣದ ಗುರುತು. ಡಾಕ್ಟರಿಗೆ ತೋರಿಸುವ ಮೊದಲೇ ಮೊಬೈಲಿನಲ್ಲಿ ಹುಡುಕುತ್ತೇವೆ. ಎರಡನೇ ಸಾಲಿನಲ್ಲೇ ಕ್ಯಾನ್ಸರ್ ಅಂತ ಸಿಗುತ್ತದೆ, ಅವತ್ತು ರಾತ್ರಿ ನಿದ್ದೆ ಇಲ್ಲ. ಇಲ್ಲಿರುವ ಪ್ರಶ್ನೆಗಳಲ್ಲಿ ಬಹುಪಾಲು ಹಾಗೆ ಹುಟ್ಟಿದವು.

ಹಾರ್ಮೋನಿಗೂ ಸ್ತನ ಕ್ಯಾನ್ಸರಿಗೂ ಇರುವ ನಂಟು ನಿಜ. ಆದರೆ ಅದು ಸಾವಿರಾರು ಹೆಂಗಸರನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಾಣುವ ನಂಟು. ನಿಮ್ಮೊಬ್ಬರ ರಿಪೋರ್ಟ್ ನೋಡಿ ನಿಮಗೆ ಬರುತ್ತದೋ ಇಲ್ಲವೋ ಎಂದು ಹೇಳಲು ಅದು ಸಾಲದು. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ಹೆದರುತ್ತಾರೆ. ಇನ್ನೂ ಕೆಲವರು ಹೆದರಬೇಕಾದ ಕಡೆ ಧೈರ್ಯವಾಗಿ ಕೂರುತ್ತಾರೆ. ಎರಡನೆಯದೇ ನನಗೆ ಹೆಚ್ಚು ಚಿಂತೆ.

ರಕ್ತದಲ್ಲಿ ಈಸ್ಟ್ರೋಜನ್ ಜಾಸ್ತಿ ಇದ್ದರೆ ಸ್ತನ ಕ್ಯಾನ್ಸರ್ ಬರುತ್ತದಾ?

ಬಂದೇ ಬರುತ್ತದೆ ಅಂತಲ್ಲ, ಬರುವ ಸಾಧ್ಯತೆ ಹೆಚ್ಚುತ್ತದೆ. ಮುಟ್ಟು ಪೂರ್ತಿ ನಿಂತ ಹೆಂಗಸರಲ್ಲಿ ಈ ನಂಟು ತುಂಬ ಸ್ಪಷ್ಟ. ಇನ್ನೂ ಮುಟ್ಟಾಗುತ್ತಿರುವವರಲ್ಲಿ ಅಷ್ಟು ಗಟ್ಟಿಯಲ್ಲ.

ಕಾರಣ ಹೀಗಿದೆ. ಈಸ್ಟ್ರೋಜನ್ ಅಂದರೆ ಮುಖ್ಯವಾಗಿ ಅಂಡಾಶಯ ತಯಾರಿಸುವ ಹೆಣ್ಣು ಹಾರ್ಮೋನ್. ಹಾಲಿನ ನಾಳಗಳ ಒಳಗಿನ ಕೆಲವು ಜೀವಕೋಶಗಳಲ್ಲಿ ಈಸ್ಟ್ರೋಜನ್ನನ್ನು ಹಿಡಿದುಕೊಳ್ಳುವ ಒಂದು ಪ್ರೋಟೀನ್ ಇದೆ, ಅದಕ್ಕೆ ರಿಸೆಪ್ಟರ್ ಎನ್ನುತ್ತಾರೆ. ಈಸ್ಟ್ರೋಜನ್ ಅಂಟಿಕೊಂಡಾಗ ಆ ಭಾಗದ ಜೀವಕೋಶಗಳು ಒಡೆದು ಹೆಚ್ಚಾಗುವ ಕೆಲಸ ಚುರುಕಾಗುತ್ತದೆ. ಪ್ರತಿ ಸಲ ಜೀವಕೋಶ ಎರಡಾಗುವಾಗ ಡಿಎನ್‌ಎ ನಕಲಾಗಬೇಕು. ನಕಲು ಮಾಡುವಾಗ ತಪ್ಪಾಗುತ್ತದೆ. ಬಹುಪಾಲು ತಪ್ಪನ್ನು ದೇಹವೇ ಸರಿಮಾಡಿಕೊಳ್ಳುತ್ತದೆ, ಎಲ್ಲೋ ಒಂದು ಉಳಿದುಬಿಡುತ್ತದೆ. ಹೀಗೆ ಕೆಟ್ಟುಹೋದ ಜೀವಕೋಶಕ್ಕೂ ಈಸ್ಟ್ರೋಜನ್ನೇ ಬೆಳೆಯಲು ಬಲ ಕೊಡುತ್ತದೆ. ಇದೆಲ್ಲ ಒಂದೆರಡು ತಿಂಗಳ ಮಾತಲ್ಲ, ಹತ್ತಾರು ವರ್ಷಗಳ ಕತೆ.

ಇದು ಗೊತ್ತಾಗಿದ್ದು ಹೇಗೆ?

ಮೊದಲ ಸುಳಿವು ಸಿಕ್ಕಿದ್ದು ಆಪರೇಷನ್ ಕೋಣೆಯಲ್ಲಿ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜಾರ್ಜ್ ಬೀಟ್‌ಸನ್ ಎಂಬ ಸರ್ಜನ್ 1895ರಲ್ಲಿ, ಸ್ತನ ಕ್ಯಾನ್ಸರ್ ಮರುಕಳಿಸಿದ್ದ 33 ವರ್ಷದ ಹೆಂಗಸಿನ ಅಂಡಾಶಯಗಳನ್ನು ತೆಗೆದರು. ಎದೆಯ ಗಡ್ಡೆ ಕರಗುತ್ತಾ ಬಂತು. 1896ರಲ್ಲಿ ಅವರು ಅದನ್ನು ಪ್ರಕಟಿಸಿದರು. ಈಸ್ಟ್ರೋಜನ್ ಎಂಬ ವಸ್ತುವನ್ನು ಬೇರ್ಪಡಿಸಲು ಆಗ ಇನ್ನೂ ಮೂವತ್ತು ವರ್ಷಕ್ಕೂ ಹೆಚ್ಚು ಕಾಯಬೇಕಿತ್ತು! ಅಂಡಾಶಯದಿಂದ ಬರುವ ಏನೋ ಒಂದು ಗಡ್ಡೆಯನ್ನು ಸಾಕುತ್ತಿದೆ ಅನ್ನುವುದಷ್ಟೇ ಗೊತ್ತಾಗಿದ್ದು.

ಕ್ಯಾನ್ಸರ್ ಬಂದವರ ರಕ್ತ ತೆಗೆದು ಹಾರ್ಮೋನ್ ಅಳೆದರೆ ಸಾಕಲ್ವಾ ಅನಿಸಬಹುದು. ಸಾಲದು. ಕಾಯಿಲೆಯಿಂದಲೋ, ಚಿಕಿತ್ಸೆಯಿಂದಲೋ, ತೂಕ ಇಳಿದಿದ್ದರಿಂದಲೋ ಹಾರ್ಮೋನ್ ಬದಲಾಗಿರಬಹುದು. ಯಾವುದು ಕಾರಣ, ಯಾವುದು ಪರಿಣಾಮ ಅಂತ ತಿಳಿಯುವುದಿಲ್ಲ. ಆರೋಗ್ಯವಾಗಿರುವಾಗಲೇ ಸಾವಿರಾರು ಹೆಂಗಸರ ಮಾದರಿ ತೆಗೆದಿಟ್ಟು, ವರ್ಷಗಟ್ಟಲೆ ಕಾದು, ಯಾರಿಗೆ ಕಾಯಿಲೆ ಬಂತು ಎಂದು ನೋಡಬೇಕು. ಇಂಗ್ಲಿಷ್ ಕಡಲ್ಗಾಲುವೆಯ ಗರ್ನ್‌ಸಿ ಎಂಬ ಪುಟ್ಟ ದ್ವೀಪದಲ್ಲಿ 1960ರ ದಶಕದಲ್ಲೇ ಈ ಕೆಲಸ ಶುರುವಾಯಿತು. ಆಗ ತೆಗೆದಿಟ್ಟಿದ್ದು ಮೂತ್ರ, ರಕ್ತದ ಸರದಿ ಆಮೇಲೆ ಬಂತು.

ಅಮೆರಿಕದ ನರ್ಸ್‌ಗಳ ಅಧ್ಯಯನ ಇನ್ನೂ ದೊಡ್ಡದು. ಅದು 1976ರಲ್ಲಿ ಶುರುವಾಯಿತು. 1989–90ರಲ್ಲಿ 32,826 ನರ್ಸ್‌ಗಳು ರಕ್ತ ಕೊಟ್ಟರು. ಅವರ ಮನೆಗೆ ಅಂಚೆಯಲ್ಲಿ ಕಿಟ್ ಬಂತು. ಪರಿಚಯದವರ ಹತ್ತಿರ ರಕ್ತ ತೆಗೆಸಿ, ಟ್ಯೂಬುಗಳನ್ನು ಐಸ್ ಪ್ಯಾಕ್ ಜೊತೆ ಇಟ್ಟು, ರಾತ್ರೋರಾತ್ರಿ ತಲುಪುವ ಕೊರಿಯರಿನಲ್ಲಿ ಕಳಿಸಿದರು. ಅಲ್ಲಿ ಅದನ್ನು ಬೇರ್ಪಡಿಸಿ ದ್ರವ ನೈಟ್ರೋಜನ್ ತಂಪಿನಲ್ಲಿ ಇಟ್ಟರು. ತಮಗೇನೂ ಲಾಭವಿಲ್ಲದ ಕೆಲಸಕ್ಕೆ ಅಷ್ಟು ಜನ ತೋಳು ಚಾಚಿದರು. ನಾವು ಇವತ್ತು ಈ ವಿಷಯದಲ್ಲಿ ಧೈರ್ಯವಾಗಿ ಮಾತಾಡುತ್ತಿರುವುದು ಅಂಥವರ ದಯೆಯಿಂದ.

ಆಕ್ಸ್‌ಫರ್ಡಿನ ಸಂಶೋಧಕರ ನೇತೃತ್ವದಲ್ಲಿ ಇಂಥ 9 ಅಧ್ಯಯನಗಳ ಮಾಹಿತಿಯನ್ನು ಒಂದೆಡೆ ಸೇರಿಸಿದ್ದು 2002ರಲ್ಲಿ. ಎಲ್ಲರೂ ಮುಟ್ಟು ನಿಂತವರು. ರಕ್ತ ಕೊಟ್ಟಾಗ ಯಾರೂ ಹಾರ್ಮೋನ್ ಮಾತ್ರೆ ತಗೊಳ್ಳುತ್ತಿರಲಿಲ್ಲ. 663 ಜನರಿಗೆ ಆಮೇಲೆ ಸ್ತನ ಕ್ಯಾನ್ಸರ್ ಬಂತು, 1,765 ಜನರಿಗೆ ಬರಲಿಲ್ಲ. ಈಸ್ಟ್ರಡಯಾಲ್, ಅಂದರೆ ಈಸ್ಟ್ರೋಜನ್‌ಗಳಲ್ಲಿ ಎಲ್ಲಕ್ಕಿಂತ ಪ್ರಬಲವಾದದ್ದು, ಅತಿ ಹೆಚ್ಚಿದ್ದ ಐದನೇ ಒಂದು ಭಾಗದ ಹೆಂಗಸರಲ್ಲಿ ಅಪಾಯ ಅತಿ ಕಡಿಮೆ ಇದ್ದ ಐದನೇ ಒಂದು ಭಾಗದವರಿಗಿಂತ ಸುಮಾರು ಎರಡು ಪಟ್ಟಿತ್ತು.

ಎರಡು ಪಟ್ಟು ಅಂದರೆ ಭಯ ಆಗುತ್ತದೆ. ನಿಜವಾಗಿ ಎಷ್ಟು?

ಒಂದು ಲೆಕ್ಕ ಹಾಕಿಕೊಳ್ಳಿ. ಇದು ವಿಷಯ ಅರ್ಥವಾಗಲಿ ಅಂತ ಹಾಕಿದ ಲೆಕ್ಕ, ಅಧ್ಯಯನದ ಅಂಕಿಯಲ್ಲ. ಹಾರ್ಮೋನ್ ಅತಿ ಕಡಿಮೆ ಇರುವ 100 ಹೆಂಗಸರಲ್ಲಿ ಮುಂದಿನ ಹತ್ತು ವರ್ಷದಲ್ಲಿ 2 ಜನರಿಗೆ ಕಾಯಿಲೆ ಬಂತು ಅನ್ನಿ. ಅತಿ ಹೆಚ್ಚು ಇರುವ 100 ಜನರಲ್ಲಿ 4 ಜನರಿಗೆ ಬರುತ್ತದೆ. ಎರಡು ಪಟ್ಟು ಹೌದು. ಆದರೆ ಹೆಚ್ಚಿರುವ ಗುಂಪಿನಲ್ಲೂ 96 ಜನರಿಗೆ ಬರಲಿಲ್ಲ. ಕಡಿಮೆ ಇರುವ ಗುಂಪಿನಲ್ಲೂ ಇಬ್ಬರಿಗೆ ಬಂತು. ಈ ಕಡೆಯ ಮಾತನ್ನು ಮರೆಯಬೇಡಿ. ಇನ್ನೊಂದು ವಿಷಯ, ಈ ಹೋಲಿಕೆ ಎರಡು ತುದಿಗಳ ನಡುವಿನದು. ನಮ್ಮಲ್ಲಿ ಹೆಚ್ಚಿನವರು ಮಧ್ಯದಲ್ಲಿರುತ್ತೇವೆ, ಅಲ್ಲಿ ವ್ಯತ್ಯಾಸ ಇನ್ನೂ ಕಡಿಮೆ.

ಈಸ್ಟ್ರೋಜನ್ ಒಂದೇನಾ, ಬೇರೆ ಹಾರ್ಮೋನ್‌ಗಳೂ ಇವೆಯಾ?

ಇವೆ. ಟೆಸ್ಟೋಸ್ಟೆರಾನ್ ಗಂಡಸರ ಹಾರ್ಮೋನ್ ಅಂತ ಹೇಳಿ ಮುಗಿಸಿಬಿಡುತ್ತೇವೆ, ಆದರೆ ಹೆಂಗಸರ ದೇಹದಲ್ಲೂ ಅದು ತಯಾರಾಗುತ್ತದೆ. ಮುಟ್ಟು ನಿಂತವರಲ್ಲಿ ಅದು ಹೆಚ್ಚಿದ್ದರೂ ಅಪಾಯ ಎರಡು ಪಟ್ಟಿನ ಆಸುಪಾಸು ಏರಿದ್ದು 2002ರ ಅದೇ ಲೆಕ್ಕದಲ್ಲಿ ಕಂಡಿತು. ದೇಹ ಟೆಸ್ಟೋಸ್ಟೆರಾನನ್ನೇ ಈಸ್ಟ್ರಡಯಾಲ್ ಆಗಿ ಬದಲಿಸಿಕೊಳ್ಳುವುದು ಇದಕ್ಕೆ ಒಂದು ಕಾರಣ.

ಜನರ ಬಾಯಲ್ಲಿ ಕೇಳದ ಆದರೆ ತುಂಬ ಮುಖ್ಯವಾದ ಇನ್ನೊಂದಿದೆ: ಎಸ್‌ಎಚ್‌ಬಿಜಿ. ಇದು ಹಾರ್ಮೋನ್ ಅಲ್ಲ, ಯಕೃತ್ತು ತಯಾರಿಸುವ ಪ್ರೋಟೀನ್. ರಕ್ತದಲ್ಲಿ ಓಡಾಡುವ ಈಸ್ಟ್ರೋಜನ್, ಟೆಸ್ಟೋಸ್ಟೆರಾನ್ ಎರಡನ್ನೂ ಇದು ಹಿಡಿದಿಡುತ್ತದೆ. ಹಿಡಿತಕ್ಕೆ ಸಿಕ್ಕಿದ್ದು ಜೀವಕೋಶದ ಒಳಗೆ ಸುಲಭವಾಗಿ ಹೋಗಲಾರದು. ಹಾಗಾಗಿ ಇದು ಹೆಚ್ಚಿರುವವರಲ್ಲಿ ಅಪಾಯ ಸುಮಾರು ಮೂರನೇ ಒಂದರಷ್ಟು ಕಡಿಮೆ. ಹೊಟ್ಟೆ ಸುತ್ತ ಬೊಜ್ಜು ಬಂದು ಇನ್ಸುಲಿನ್ ಏರಿದರೆ ಯಕೃತ್ತು ಇದನ್ನು ಕಡಿಮೆ ತಯಾರಿಸುತ್ತದೆ. ಆಗ ಒಟ್ಟು ಈಸ್ಟ್ರೋಜನ್ ಅಷ್ಟೇ ಇದ್ದರೂ ಬಿಡುಬೀಸಾಗಿ ಓಡಾಡುವ ಪಾಲು ಜಾಸ್ತಿಯಾಗುತ್ತದೆ. ಶುಗರ್, ಬೊಜ್ಜು, ಸ್ತನ ಕ್ಯಾನ್ಸರ್ ಈ ಮೂರಕ್ಕೂ ಇರುವ ಒಂದು ಕೊಂಡಿ ಇಲ್ಲಿದೆ.

ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್-1 ಎಂಬ ಹಾರ್ಮೋನ್ ಹೆಚ್ಚಿದ್ದರೆ ಅಪಾಯ ಸ್ವಲ್ಪ ಏರುತ್ತದೆ. 17 ಅಧ್ಯಯನಗಳನ್ನು ಸೇರಿಸಿದ 2010ರ ಲೆಕ್ಕದಲ್ಲಿ ಎರಡು ತುದಿಗಳ ನಡುವಿನ ಅಂತರ ಶೇ 28. ಹಾಲು ಬರಿಸುವ ಪ್ರೊಲ್ಯಾಕ್ಟಿನ್ನಿಗೂ ಇಂಥದೇ ಸಣ್ಣ ನಂಟಿದೆ.

ನನಗೆ 38, ತಿಂಗಳು ತಿಂಗಳೂ ಮುಟ್ಟಾಗುತ್ತೇನೆ. ನನಗೂ ಇದೇ ಲೆಕ್ಕವಾ?

ನಂಟು ಇದೆ, ಆದರೆ ಮೃದು. 2013ರಲ್ಲಿ 7 ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಮುಟ್ಟಾಗುತ್ತಿರುವ ಹೆಂಗಸರಲ್ಲಿ ಈಸ್ಟ್ರಡಯಾಲ್ ಎರಡರಷ್ಟಾದರೆ ಅಪಾಯ ಶೇ 19ರಷ್ಟು ಹೆಚ್ಚು ಎಂದು ಕಂಡಿತು. ಅಂಡಾಶಯದ ಇನ್ನೊಂದು ಹಾರ್ಮೋನ್ ಪ್ರೊಜೆಸ್ಟರೋನ್‌ಗೆ ನಂಟು ಕಾಣಲಿಲ್ಲ. ಈ ವಯಸ್ಸಿನಲ್ಲಿ ಅಳೆಯುವುದೇ ಕಷ್ಟ. ಮುಟ್ಟಿನ ಮೂರನೇ ದಿನಕ್ಕೂ ಹದಿಮೂರನೇ ದಿನಕ್ಕೂ ಅದೇ ಹೆಂಗಸಿನ ಈಸ್ಟ್ರಡಯಾಲ್ ಹಲವು ಪಟ್ಟು ಬೇರೆಯಾಗಿರುತ್ತದೆ. ಯಾವ ದಿನದ್ದನ್ನು ನಿಮ್ಮ ಮಟ್ಟ ಅನ್ನಬೇಕು?

ಮುಟ್ಟು ನಿಂತ ಮೇಲೆ ಅಂಡಾಶಯ ಕೆಲಸ ನಿಲ್ಲಿಸುತ್ತದಲ್ಲ, ಈಸ್ಟ್ರೋಜನ್ ಎಲ್ಲಿಂದ ಬರುತ್ತದೆ?

ಬೊಜ್ಜಿನಿಂದ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ, ಮತ್ತು ವಯಸ್ಸಾದ ಅಂಡಾಶಯ ಕೂಡ, ಟೆಸ್ಟೋಸ್ಟೆರಾನ್ ಬಳಗದ ಹಾರ್ಮೋನ್‌ಗಳನ್ನು ತಯಾರಿಸುತ್ತಲೇ ಇರುತ್ತವೆ. ಬೊಜ್ಜಿನ ಅಂಗಾಂಶದಲ್ಲಿ ಅರೋಮಟೇಸ್ ಎಂಬ ಕಿಣ್ವ ಇದೆ. ಅದು ಇವುಗಳನ್ನು ಈಸ್ಟ್ರೋಜನ್ ಆಗಿ ಬದಲಿಸುತ್ತದೆ. ಬೊಜ್ಜು ಹೆಚ್ಚಿದಷ್ಟೂ ಈಸ್ಟ್ರೋಜನ್ ಹೆಚ್ಚು. ಸ್ತನದ ಸುತ್ತ ಇರುವುದೂ ಬೊಜ್ಜೇ ಅಲ್ವಾ? ಅಲ್ಲೇ ತಯಾರಾಗಿ ಅಲ್ಲೇ ಸಿಗುತ್ತದೆ.

ಮುಟ್ಟು ನಿಂತ ಮೇಲೆ ದಪ್ಪಗಿರುವವರಿಗೆ ಸ್ತನ ಕ್ಯಾನ್ಸರ್ ಹೆಚ್ಚು ಅನ್ನುವುದು ಮೊದಲೇ ಗೊತ್ತಿತ್ತು. ಹಾರ್ಮೋನ್ ಅಳತೆಯನ್ನೂ ಲೆಕ್ಕಕ್ಕೆ ತಂದು 2003ರಲ್ಲಿ ನೋಡಿದಾಗ, ತೂಕದಿಂದ ಬರುವ ಹೆಚ್ಚುವರಿ ಅಪಾಯದ ಬಹುಪಾಲು ಈಸ್ಟ್ರೋಜನ್ ಮೂಲಕವೇ ಬರುತ್ತದೆ ಎಂದು ತಿಳಿಯಿತು. ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದೇ, ಯಾಕೆಂದರೆ ತೂಕದ ವಿಷಯದಲ್ಲಿ ನಾವು ಏನಾದರೂ ಮಾಡಬಹುದು. ಅಮೆರಿಕದ ಸಿಯಾಟಲ್‌ನಲ್ಲಿ ಮುಟ್ಟು ನಿಂತ, ತೂಕ ಹೆಚ್ಚಿದ್ದ 439 ಹೆಂಗಸರ ಮೇಲೆ ಒಂದು ವರ್ಷದ ಪ್ರಯೋಗ ನಡೆಯಿತು. ಊಟದಲ್ಲಿ ಹಿಡಿತ ಮತ್ತು ವ್ಯಾಯಾಮ ಎರಡನ್ನೂ ಮಾಡಿದ ಗುಂಪಿನಲ್ಲಿ ಈಸ್ಟ್ರಡಯಾಲ್ ಸುಮಾರು ಶೇ 20 ಇಳಿಯಿತು, ಎಸ್‌ಎಚ್‌ಬಿಜಿ ಸುಮಾರು ಶೇ 26 ಏರಿತು. ಮಾತ್ರೆ ಇಲ್ಲದೆ, ಒಂದೇ ವರ್ಷದಲ್ಲಿ!

ಚಿಕ್ಕ ವಯಸ್ಸಿನಲ್ಲಿ ಇದು ಉಲ್ಟಾ ಕಾಣುತ್ತದೆ. ಮುಟ್ಟು ನಿಲ್ಲುವ ಮೊದಲು ದಪ್ಪಗಿರುವವರಲ್ಲಿ ಸ್ತನ ಕ್ಯಾನ್ಸರ್ ಸ್ವಲ್ಪ ಕಡಿಮೆಯೇ. ಆದರೆ ಅದನ್ನು ನಂಬಿ ತೂಕ ಏರಿಸಿಕೊಳ್ಳಬೇಡಿ. ಕಾಯಿಲೆ ಹೆಚ್ಚಾಗಿ ಬರುವ ವಯಸ್ಸಿಗೆ ಆ ತೂಕ ನಿಮ್ಮ ಜೊತೆಗೇ ಬರುತ್ತದೆ, ಶುಗರ್ ಬಿಪಿ ಬೇರೆ.

ಹಾಗಾದರೆ ಲ್ಯಾಬಿಗೆ ಹೋಗಿ ಈಸ್ಟ್ರಡಯಾಲ್ ಟೆಸ್ಟ್ ಮಾಡಿಸಿದರೆ ನನ್ನ ಅಪಾಯ ಗೊತ್ತಾಗುತ್ತದಾ?

ಇಲ್ಲ. ಕ್ಯಾನ್ಸರ್ ಅಪಾಯ ತಿಳಿಯಲು ಅಂತ ಹಾರ್ಮೋನ್ ಪ್ಯಾಕೇಜ್ ಮಾಡಿಸಬೇಡಿ. ಮುಟ್ಟಿನ ತೊಂದರೆಗೋ ಮಕ್ಕಳಾಗದ ಸಮಸ್ಯೆಗೋ ಡಾಕ್ಟರ್ ಬರೆದರೆ ಅದು ಬೇರೆ ಮಾತು.

ರಿಪೋರ್ಟನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಈಸ್ಟ್ರಡಯಾಲ್ ಸಾಲಿನ ಪಕ್ಕ ಸಾಮಾನ್ಯವಾಗಿ ಮೂರೋ ನಾಲ್ಕೋ ವ್ಯಾಪ್ತಿಗಳನ್ನು ಕೊಟ್ಟಿರುತ್ತಾರೆ: ಮುಟ್ಟಿನ ಚಕ್ರದ ಮೊದಲ ಅರ್ಧ, ಅಂಡ ಬಿಡುಗಡೆಯ ಸಮಯ, ಕೊನೆಯ ಅರ್ಧ, ಮುಟ್ಟು ನಿಂತವರು. ಅಂಡ ಬಿಡುಗಡೆಯ ಹೊತ್ತಿಗೆ ಅದು ಪ್ರತಿ ಮಿಲಿಲೀಟರಿಗೆ ಇನ್ನೂರು, ಮುನ್ನೂರು ಪಿಕೋಗ್ರಾಂ ಮುಟ್ಟಬಹುದು. ಮುಟ್ಟು ನಿಂತವರಲ್ಲಿ ಒಂದಂಕಿಗೋ, ಹತ್ತು ಇಪ್ಪತ್ತಕ್ಕೋ ಇಳಿದಿರುತ್ತದೆ. ಸಂಶೋಧಕರು ಹೇಳುವ ಎರಡು ಪಟ್ಟು ವ್ಯತ್ಯಾಸ ಇರುವುದು ಈ ಪುಟ್ಟ ಅಂಕಿಗಳ ನಡುವೆ. ಮಾಮೂಲಿ ಲ್ಯಾಬಿನ ಯಂತ್ರಗಳು ಇಷ್ಟು ಕೆಳಗಿನ ಮಟ್ಟವನ್ನು ನಿಖರವಾಗಿ ಅಳೆಯಲಾರವು. ಎಷ್ಟೋ ಸಲ ‘ಇಷ್ಟಕ್ಕಿಂತ ಕಡಿಮೆ’ ಅಂತಷ್ಟೇ ಬರುತ್ತದೆ. ಅದಕ್ಕೆ ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ ಬೇರೆ ವಿಧಾನ ಬೇಕು. ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಕೆಲವು ಯಂತ್ರಗಳಲ್ಲಿ ಹಾರ್ಮೋನ್ ಅಂಕಿ ತಪ್ಪಾಗಿಯೂ ಬರುತ್ತದೆ. ಟೆಸ್ಟಿಗೆ ಮೊದಲು ಅದನ್ನು ಹೇಳಿಬಿಡಿ.

ರಿಪೋರ್ಟಿನಲ್ಲಿರುವ ‘ನಾರ್ಮಲ್’ ವ್ಯಾಪ್ತಿಯನ್ನು ಕ್ಯಾನ್ಸರ್ ನೋಡಿಕೊಂಡು ಹಾಕಿದ್ದಲ್ಲ. ಅಧ್ಯಯನಗಳಲ್ಲಿ ಅಪಾಯ ಹೆಚ್ಚು ಕಂಡ ಹೆಂಗಸರಲ್ಲೂ ಬಹುಪಾಲು ಜನರ ಅಂಕಿ ಮಾಮೂಲಿ ವ್ಯಾಪ್ತಿಯ ಒಳಗೇ ಇರುತ್ತದೆ. ಹಾಗಾಗಿ ನಾರ್ಮಲ್ ಅಂತ ಬಂದರೆ ನಿಶ್ಚಿಂತೆ ಬೇಡ, ಸ್ವಲ್ಪ ಹೆಚ್ಚು ಅಂತ ಬಂದರೆ ಗಾಬರಿಯೂ ಬೇಡ.

ಬಯಾಪ್ಸಿ ರಿಪೋರ್ಟಿನಲ್ಲಿ ‘ಇಆರ್ ಪಾಸಿಟಿವ್’ ಅಂತಿದೆ. ಅಮ್ಮನಿಗೆ ಹಾರ್ಮೋನ್ ಜಾಸ್ತಿ ಆಗಿದೆ ಅಂತಲಾ?

ಅಲ್ಲ. ಈ ಗೊಂದಲ ತುಂಬ ಜನರಿಗಿದೆ. ಇಆರ್ ಅಂದರೆ ಗಡ್ಡೆಯ ಜೀವಕೋಶದಲ್ಲಿರುವ ಈಸ್ಟ್ರೋಜನ್ ರಿಸೆಪ್ಟರ್. ಅದನ್ನು ನೋಡುವುದು ರಕ್ತದಲ್ಲಲ್ಲ, ಬಯಾಪ್ಸಿಯಲ್ಲಿ ತೆಗೆದ ಚೂರಿನಲ್ಲಿ. ಪಾಸಿಟಿವ್ ಅಂದರೆ ಆ ಗಡ್ಡೆ ಈಸ್ಟ್ರೋಜನ್ ಬಳಸಿಕೊಂಡು ಬೆಳೆಯಬಲ್ಲದು, ಹಾಗಾಗಿ ಟಮಾಕ್ಸಿಫೆನ್, ಲೆಟ್ರೊಜೋಲ್, ಅನಾಸ್ಟ್ರೊಜೋಲ್‌ನಂಥ ಮಾತ್ರೆಗಳು ಕೆಲಸ ಮಾಡುವ ಸಾಧ್ಯತೆ ಇದೆ ಎಂದರ್ಥ. ಚಿಕಿತ್ಸೆಯ ದೃಷ್ಟಿಯಿಂದ ಇದು ಒಳ್ಳೆಯ ಸುದ್ದಿಯೇ. ಅಮ್ಮನ ರಕ್ತದಲ್ಲಿ ಈಸ್ಟ್ರೋಜನ್ ಮಾಮೂಲಿಯಾಗೇ ಇರಬಹುದು.

ಮಾಲಾ-ಡಿ ತರಹದ ಗರ್ಭನಿರೋಧಕ ಮಾತ್ರೆ ತಗೊಂಡರೆ ಕ್ಯಾನ್ಸರ್ ಬರುತ್ತಂತೆ, ಹೌದಾ?

ತಗೊಳ್ಳುತ್ತಿರುವ ಸಮಯದಲ್ಲಿ ಅಪಾಯ ಸ್ವಲ್ಪ ಏರುತ್ತದೆ. ಡೆನ್ಮಾರ್ಕಿನಲ್ಲಿ ಸುಮಾರು 18 ಲಕ್ಷ ಹೆಂಗಸರನ್ನು ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಏರಿಕೆ ಶೇ 20. ವರ್ಷಕ್ಕೆ ಸುಮಾರು 7,700 ಬಳಕೆದಾರರಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ ಬಂದ ಲೆಕ್ಕ ಅದು. ಚಿಕ್ಕ ವಯಸ್ಸಿನಲ್ಲಿ ಈ ಕಾಯಿಲೆ ಕಡಿಮೆ ಇರುವುದರಿಂದ ಅಂಕಿ ಇಷ್ಟು ಸಣ್ಣದು. ನಿಲ್ಲಿಸಿದ ಮೇಲೆ ಅಪಾಯ ನಿಧಾನಕ್ಕೆ ಇಳಿಯುತ್ತದೆ. ಇದೇ ಮಾತ್ರೆ ಅಂಡಾಶಯದ ಕ್ಯಾನ್ಸರನ್ನೂ ಗರ್ಭಕೋಶದ ಒಳಪದರದ ಕ್ಯಾನ್ಸರನ್ನೂ ಕಡಿಮೆ ಮಾಡುತ್ತದೆ. ಬೇಡದ ಬಸಿರಿನ ಕಷ್ಟವನ್ನೂ ತಕ್ಕಡಿಯ ಆ ಕಡೆ ಇಟ್ಟು ನೋಡಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ ಛಾಯಾ ಮಾತ್ರೆ ಬೇರೆ ಜಾತಿಯದು. ಲಖನೌದಲ್ಲಿ ಕಂಡುಹಿಡಿದ ಆ ಔಷಧಿಯಲ್ಲಿ ಈಸ್ಟ್ರೋಜನ್ ಇಲ್ಲ.

ಮುಟ್ಟು ನಿಲ್ಲುವಾಗಿನ ಬಿಸಿ, ಬೆವರು ತಡೆಯಲಾಗದೆ ಹಾರ್ಮೋನ್ ಚಿಕಿತ್ಸೆ ಕೊಟ್ಟಿದ್ದಾರೆ. ನಿಲ್ಲಿಸಲಾ?

ನೀವಾಗೇ ನಿಲ್ಲಿಸಬೇಡಿ, ಬರೆದುಕೊಟ್ಟವರ ಹತ್ತಿರ ಮಾತಾಡಿ. ಯಾವ ಹಾರ್ಮೋನ್, ಎಷ್ಟು ವರ್ಷ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರೋನ್ ತರಹದ ಔಷಧಿ ಸೇರಿದ್ದರೆ ಅಪಾಯ ಹೆಚ್ಚು. ಅಮೆರಿಕದಲ್ಲಿ 16,608 ಹೆಂಗಸರ ಮೇಲೆ ನಡೆದ ದೊಡ್ಡ ಪ್ರಯೋಗವನ್ನು 2002ರ ಜುಲೈನಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಅದರಲ್ಲಿ ವರ್ಷಕ್ಕೆ 10,000 ಹೆಂಗಸರಿಗೆ 8ರಂತೆ ಸ್ತನ ಕ್ಯಾನ್ಸರ್ ಹೆಚ್ಚು ಕಂಡಿತ್ತು. ಗರ್ಭಕೋಶ ಇಲ್ಲದವರಿಗೆ ಈಸ್ಟ್ರೋಜನ್ ಮಾತ್ರ ಕೊಟ್ಟ ಜೊತೆ ಪ್ರಯೋಗದಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ, ಕಡಿಮೆಯಾಯಿತು. ಲೋಕದ 58 ಅಧ್ಯಯನಗಳನ್ನು ಸೇರಿಸಿದ 2019ರ ಲೆಕ್ಕ ಬೇರೆ ಹೇಳುತ್ತದೆ: 50ನೇ ವಯಸ್ಸಿನಿಂದ 5 ವರ್ಷ ತಗೊಂಡರೆ, ಎರಡೂ ಹಾರ್ಮೋನ್ ದಿನಾ ಸೇರಿದ ಚಿಕಿತ್ಸೆಯಲ್ಲಿ ಮುಂದಿನ ಇಪ್ಪತ್ತು ವರ್ಷಗಳಲ್ಲಿ 50 ಜನರಿಗೆ ಒಂದು, ಈಸ್ಟ್ರೋಜನ್ ಒಂದೇ ಆದರೆ 200 ಜನರಿಗೆ ಒಂದು ಹೆಚ್ಚುವರಿ ಕ್ಯಾನ್ಸರ್. ಈಸ್ಟ್ರೋಜನ್ ಒಂದರ ವಿಷಯದಲ್ಲಿ ಎರಡು ಬಗೆಯ ಅಧ್ಯಯನಗಳೂ ಒಪ್ಪುವುದಿಲ್ಲ. ಎರಡೂ ಸೇರಿದ್ದರೆ ಅಪಾಯ ಹೆಚ್ಚು ಅನ್ನುವುದರಲ್ಲಿ ಮಾತ್ರ ಒಪ್ಪುತ್ತವೆ.

ತೀರಾ ಕಷ್ಟಪಡುತ್ತಿರುವ ಹೆಂಗಸಿಗೆ ಕೆಲವು ಕಾಲ ಚಿಕಿತ್ಸೆ ಕೊಡುವುದು ತಪ್ಪಲ್ಲ. ‘ಈ ವಯಸ್ಸಲ್ಲಿ ಎಲ್ಲರಿಗೂ ಆಗುತ್ತೆ, ಸಹಿಸ್ಕೋ’ ಅನ್ನುವುದು ಉತ್ತರವಲ್ಲ. ಸ್ತನ ಕ್ಯಾನ್ಸರ್ ಆಗಿಹೋದವರಿಗೆ ಮಾತ್ರ ಇದು ಸಾಮಾನ್ಯವಾಗಿ ಸಲ್ಲದು.

ಗರ್ಭಕೋಶ ತೆಗೆಸಿದ್ದೇನೆ. ಇನ್ನು ಸ್ತನ ಕ್ಯಾನ್ಸರ್ ಬರುವುದಿಲ್ಲ ಅಲ್ವಾ?

ನಮ್ಮ ಕಡೆ, ಅದರಲ್ಲೂ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ, ಮೂವತ್ತು ದಾಟುವುದರೊಳಗೆ ಗರ್ಭಕೋಶ ತೆಗೆಸಿಕೊಂಡವರು ಸಿಗುತ್ತಾರೆ. ಬಿಳಿಮುಟ್ಟು, ಹೊಟ್ಟೆನೋವು ಅಂತ ಹೋದವರಿಗೆ ‘ಬಿಟ್ಟರೆ ಕ್ಯಾನ್ಸರ್ ಆಗುತ್ತೆ’ ಎಂದು ಹೆದರಿಸಿ ಆಪರೇಷನ್ ಮಾಡಿದ ಕತೆಗಳನ್ನು ಕೇಳಿದರೆ ಸಿಟ್ಟು ಬರುತ್ತದೆ. ಗರ್ಭಕೋಶ ಈಸ್ಟ್ರೋಜನ್ ತಯಾರಿಸುವುದಿಲ್ಲ, ತಯಾರಿಸುವುದು ಅಂಡಾಶಯ. ಗರ್ಭಕೋಶ ಒಂದನ್ನೇ ತೆಗೆದಿದ್ದರೆ ಮುಟ್ಟು ನಿಲ್ಲುತ್ತದೆ, ಹಾರ್ಮೋನ್ ನಿಲ್ಲುವುದಿಲ್ಲ. ಎದೆಯ ತಪಾಸಣೆ ಬಿಡಬಾರದು.

ಚಿಕ್ಕ ವಯಸ್ಸಿನಲ್ಲಿ ಅಂಡಾಶಯಗಳನ್ನೂ ತೆಗೆದಿದ್ದರೆ ಸ್ತನ ಕ್ಯಾನ್ಸರಿನ ಅಪಾಯ ಇಳಿಯುವುದು ನಿಜ. ಆದರೆ ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆ ಬೇಗ ಬರುತ್ತದೆ. ಬಿಆರ್‌ಸಿಎ ಜೀನ್‌ನಲ್ಲಿ ದೋಷ ಇದ್ದು ಸ್ತನ, ಅಂಡಾಶಯದ ಕ್ಯಾನ್ಸರ್ ಅಪಾಯ ತುಂಬ ಹೆಚ್ಚಿರುವವರಿಗೆ ಮುಖ್ಯವಾಗಿ ಅಂಡಾಶಯದ ಕ್ಯಾನ್ಸರ್ ತಡೆಯಲು ತಜ್ಞರು ಇದನ್ನು ಸೂಚಿಸುತ್ತಾರೆ. ಉಳಿದವರಿಗೆ ಇದು ದಾರಿಯಲ್ಲ. ನಿಮ್ಮ ಆಪರೇಷನ್‌ನಲ್ಲಿ ಏನೇನು ತೆಗೆದರು ಅನ್ನುವುದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಇರುತ್ತದೆ. ಆ ಕಾಗದ ಜೋಪಾನವಾಗಿ ಇಟ್ಟುಕೊಳ್ಳಿ.

ಪಿಸಿಓಡಿ ಇದೆ, ಟೆಸ್ಟೋಸ್ಟೆರಾನ್ ಜಾಸ್ತಿ ಅಂದಿದ್ದಾರೆ.

ಪಿಸಿಓಡಿ ಇರುವವರಿಗೆ ಸ್ತನ ಕ್ಯಾನ್ಸರ್ ಹೆಚ್ಚು ಬರುತ್ತದೆ ಅನ್ನುವುದು ಅಧ್ಯಯನಗಳಲ್ಲಿ ಸ್ಪಷ್ಟವಾಗಿ ಕಂಡಿಲ್ಲ. ಅವರು ಗಮನ ಇಡಬೇಕಾದ್ದು ಗರ್ಭಕೋಶದ ಒಳಪದರದ ಕಡೆಗೆ. ತಿಂಗಳುಗಟ್ಟಲೆ ಮುಟ್ಟಾಗದೇ ಇದ್ದರೆ ಆ ಪದರ ದಪ್ಪವಾಗುತ್ತಾ ಹೋಗುತ್ತದೆ. ಅದನ್ನು ಸುಮ್ನೆ ಬಿಡಬೇಡಿ.

ಸೋಯಾ ತಿಂದರೆ ಈಸ್ಟ್ರೋಜನ್ ಏರುತ್ತದಾ? ಬ್ರಾಯ್ಲರ್ ಕೋಳಿ?

ಸೋಯಾದಲ್ಲಿರುವುದು ಈಸ್ಟ್ರೋಜನ್ನನ್ನು ಹೋಲುವ, ತುಂಬ ದುರ್ಬಲವಾದ ಸಸ್ಯದ ವಸ್ತು. ಸೋಯಾ ಹೆಚ್ಚು ತಿನ್ನುವ ಏಷ್ಯಾದ ಹೆಂಗಸರಲ್ಲಿ ಅಪಾಯ ಹೆಚ್ಚು ಕಂಡಿಲ್ಲ, ಕಡಿಮೆಯೇ ಕಂಡಿದೆ. ಊಟದಲ್ಲಿ ಬಳಸಲು ಅಡ್ಡಿಯಿಲ್ಲ. ಬ್ರಾಯ್ಲರ್ ಕೋಳಿ ಬೇಗ ಬೆಳೆಯುವುದು ಆರಿಸಿ ಬೆಳೆಸಿದ ತಳಿಯಿಂದ ಮತ್ತು ತಿನಿಸಿನಿಂದ, ಹಾರ್ಮೋನ್ ಇಂಜೆಕ್ಷನ್‌ನಿಂದಲ್ಲ.

ನಿಜವಾಗಿ ಯೋಚಿಸಬೇಕಾದ್ದು ಮದ್ಯ. ಅದು ಈಸ್ಟ್ರೋಜನ್ ಮಟ್ಟ ಏರಿಸುತ್ತದೆ. ದಿನಕ್ಕೆ 10 ಗ್ರಾಂ ಆಲ್ಕೋಹಾಲ್, ಅಂದರೆ 30 ಎಂಎಲ್‌ನ ಒಂದು ಸ್ಮಾಲ್ ಪೆಗ್, ಅಪಾಯವನ್ನು ಸುಮಾರು ಶೇ 7 ಹೆಚ್ಚಿಸುತ್ತದೆ. ವೈನ್ ಆದರೆ ಪರವಾಗಿಲ್ಲ ಅನ್ನುವುದು ಸುಳ್ಳು.

ಮಕ್ಕಳಿಗೆ ಹಾಲುಣಿಸಿದರೆ ಅಪಾಯ ಕಡಿಮೆಯಂತೆ?

ಹೌದು. 30 ದೇಶಗಳ 47 ಅಧ್ಯಯನಗಳನ್ನು ಸೇರಿಸಿದ 2002ರ ಲೆಕ್ಕದಲ್ಲಿ, ಪ್ರತಿ 12 ತಿಂಗಳ ಹಾಲುಣಿಸುವಿಕೆಗೆ ಅಪಾಯ ಶೇ 4.3 ಇಳಿಯಿತು. ಪ್ರತಿ ಹೆರಿಗೆಗೆ ಇನ್ನೊಂದು ಶೇ 7. ಮುಟ್ಟು ಶುರುವಾಗುವ ವಯಸ್ಸು, ನಿಲ್ಲುವ ವಯಸ್ಸು ಕೂಡ ಲೆಕ್ಕಕ್ಕೆ ಬರುತ್ತವೆ. ಒಂದು ವರ್ಷ ಬೇಗ ಮೈನೆರೆದರೆ ಶೇ 5, ಒಂದು ವರ್ಷ ತಡವಾಗಿ ಮುಟ್ಟು ನಿಂತರೆ ಶೇ 3ರಷ್ಟು ಹೆಚ್ಚು. ಬದುಕಿನುದ್ದಕ್ಕೂ ಸ್ತನ ಎಷ್ಟು ಹಾರ್ಮೋನ್ ಕಂಡಿತು ಅನ್ನುವುದು ಒಂದು ದಿನದ ರಕ್ತದಲ್ಲಿ ಕಾಣುವುದಿಲ್ಲ. ಹಾಲುಣಿಸಲು ಆಗದ ತಾಯಂದಿರು ಇದನ್ನು ಓದಿ ಕೊರಗಬೇಡಿ, ಪ್ರಮಾಣ ಎಷ್ಟು ಸಣ್ಣದು ನೋಡಿದಿರಲ್ಲ.

ಹಾರ್ಮೋನ್ ತಗ್ಗಿಸಿ ಕ್ಯಾನ್ಸರ್ ಬರದಂತೆ ತಡೆಯಲು ಆಗುತ್ತದಾ?

ಅಪಾಯ ತುಂಬ ಹೆಚ್ಚಿರುವವರಲ್ಲಿ ಆಗುತ್ತದೆ. ಅಮೆರಿಕದ 13,388 ಹೆಂಗಸರ ಪ್ರಯೋಗದಲ್ಲಿ ಟಮಾಕ್ಸಿಫೆನ್ ಅಪಾಯವನ್ನು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸಿತು, 1998ರಲ್ಲಿ ಫಲಿತಾಂಶ ಬಂತು. ಅದು ರಿಸೆಪ್ಟರನ್ನು ಅಡ್ಡಗಟ್ಟುತ್ತದೆ. ಅನಾಸ್ಟ್ರೊಜೋಲ್ ಕೆಲಸ ಮಾಡುವುದು ಮೇಲೆ ಹೇಳಿದ ಅರೋಮಟೇಸ್ ಕಿಣ್ವದ ಮೇಲೆ, ಹಾಗಾಗಿ ಮುಟ್ಟು ನಿಂತವರಿಗೆ ಮಾತ್ರ. 3,864 ಹೆಂಗಸರ ಪ್ರಯೋಗದಲ್ಲಿ ಅದೂ ಅಪಾಯವನ್ನು ಅರ್ಧದಷ್ಟು ಇಳಿಸಿತು. ತಡೆಗಟ್ಟಲೆಂದೇ ಅದನ್ನು ಕೊಡಲು ಬ್ರಿಟನ್ 2023ರಲ್ಲಿ ಅನುಮತಿ ಕೊಟ್ಟಿತು.

ರಕ್ತದ ಹಾರ್ಮೋನ್ ಟೆಸ್ಟಿಗೆ ಮುಂದೆ ಕೆಲಸ ಸಿಗಬಹುದಾದ ಜಾಗ ಇದೇ. ಅನಾಸ್ಟ್ರೊಜೋಲ್ ಪ್ರಯೋಗದ ರಕ್ತವನ್ನೇ ಅಳೆದು 2024ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಎಸ್‌ಎಚ್‌ಬಿಜಿಗೆ ಹೋಲಿಸಿದರೆ ಈಸ್ಟ್ರಡಯಾಲ್ ತೀರ ಕಡಿಮೆ ಇದ್ದ ಕಾಲು ಭಾಗದ ಹೆಂಗಸರಿಗೆ ಮಾತ್ರೆಯಿಂದ ಸ್ಪಷ್ಟ ಲಾಭ ಕಾಣಲಿಲ್ಲ. ಉಳಿದ ಮುಕ್ಕಾಲು ಭಾಗಕ್ಕೆ ಕಂಡಿತು. ಮಾತ್ರೆ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಆರಿಸಲು ಇದು ನೆರವಾದೀತು. ಈ ಮಾತ್ರೆಗಳಿಗೆ ಅಡ್ಡ ಪರಿಣಾಮಗಳಿವೆ. ಟಮಾಕ್ಸಿಫೆನ್‌ನಿಂದ ರಕ್ತ ಹೆಪ್ಪುಗಟ್ಟುವುದು, ಗರ್ಭಕೋಶದ ಒಳಪದರದ ಕ್ಯಾನ್ಸರ್. ಅನಾಸ್ಟ್ರೊಜೋಲ್‌ನಿಂದ ಮೂಳೆ ಸವೆತ, ಕೀಲುನೋವು. ಮೆಡಿಕಲ್ ಶಾಪಿನಿಂದ ತಂದು ನುಂಗುವ ವಸ್ತುಗಳಲ್ಲ.

ಗಂಡಸರಿಗೂ ಇದು ಅನ್ವಯಿಸುತ್ತದಾ?

ಗಂಡಸರಿಗೆ ಸ್ತನ ಕ್ಯಾನ್ಸರ್ ಅಪರೂಪ, ಒಟ್ಟು ಸ್ತನ ಕ್ಯಾನ್ಸರಿನಲ್ಲಿ ನೂರರಲ್ಲಿ ಒಂದರಷ್ಟು ಮಾತ್ರ. ಈಸ್ಟ್ರಡಯಾಲ್ ಹೆಚ್ಚಿರುವ ಗಂಡಸರಲ್ಲಿ ಅಪಾಯ ಸುಮಾರು ಎರಡೂವರೆ ಪಟ್ಟು ಎಂದು 2015ರ ಅಧ್ಯಯನ ತೋರಿಸಿದೆ. ಎದೆಯಲ್ಲಿ ಗಟ್ಟಿ ಗಂಟು ಕಂಡರೆ ಅವರೂ ನಾಚಿಕೆ ಬಿಟ್ಟು ತೋರಿಸಬೇಕು.

ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಇದೆಲ್ಲ ಎಷ್ಟು ಸರಿ?

ಮೇಲಿನ ಅಂಕಿಗಳಲ್ಲಿ ಹೆಚ್ಚಿನವು ಯುರೋಪು, ಅಮೆರಿಕದವು. ದೇಹದ ಕೆಲಸ ಎಲ್ಲೆಡೆ ಒಂದೇ, ಆದರೆ ಕಾಯಿಲೆಯ ಚಹರೆ ನಮ್ಮಲ್ಲಿ ಸ್ವಲ್ಪ ಬೇರೆ. ಭಾರತದಲ್ಲಿ ಸ್ತನ ಕ್ಯಾನ್ಸರ್ ಸರಾಸರಿ ಹತ್ತು ವರ್ಷ ಬೇಗ, ನಲವತ್ತು ಐವತ್ತರ ಆಸುಪಾಸಿನಲ್ಲೇ ಹೆಚ್ಚಾಗಿ ಕಾಣುತ್ತದೆ. ನಮ್ಮಲ್ಲಿ ಸುಮಾರು ಹತ್ತರಲ್ಲಿ ಮೂರು ‘ಟ್ರಿಪಲ್ ನೆಗೆಟಿವ್’, ಅಂದರೆ ಹಾರ್ಮೋನ್ ರಿಸೆಪ್ಟರ್‌ಗಳಿಲ್ಲದ, ಹರ್-2 ಎಂಬ ಪ್ರೋಟೀನೂ ಹೆಚ್ಚಿರದ ಬಗೆಯವು. ಪಾಶ್ಚಾತ್ಯ ದೇಶಗಳಿಗಿಂತ ಈ ಪಾಲು ಹೆಚ್ಚು. ರಕ್ತದ ಈಸ್ಟ್ರೋಜನ್ ಜೊತೆಗಿನ ನಂಟು ಗಟ್ಟಿಯಾಗಿರುವುದು ಇಆರ್ ಪಾಸಿಟಿವ್ ಬಗೆಗೆ. ಹಾಗಾಗಿ ಹಾರ್ಮೋನ್ ಕಡಿಮೆ ಇದೆ ಅಂತ ನೆಮ್ಮದಿಯಾಗಿರಲು ನಮಗೆ ಇನ್ನೂ ಕಡಿಮೆ ಕಾರಣವಿದೆ.

ಬೆಂಗಳೂರಿನ ಕ್ಯಾನ್ಸರ್ ಲೆಕ್ಕವನ್ನು 1982ರಿಂದ ಕಿದ್ವಾಯಿ ಆಸ್ಪತ್ರೆ ಇಡುತ್ತಾ ಬಂದಿದೆ. ಊರಿನ ಹೆಂಗಸರಲ್ಲಿ ಈಗ ಎಲ್ಲಕ್ಕಿಂತ ಹೆಚ್ಚು ಕಾಣುವುದು ಸ್ತನ ಕ್ಯಾನ್ಸರ್. ತಡವಾಗಿ ಮದುವೆ, ಕಡಿಮೆ ಮಕ್ಕಳು, ಕೂತು ಮಾಡುವ ಕೆಲಸ, ಏರುವ ತೂಕ ಎಲ್ಲವೂ ಹಾರ್ಮೋನಿನ ದಾರಿಯಲ್ಲೇ ಸೇರುತ್ತವೆ. ಹಾಗಂತ ಹೆಣ್ಣುಮಕ್ಕಳು ಓದಿ ಕೆಲಸಕ್ಕೆ ಹೋಗಿದ್ದೇ ತಪ್ಪು ಅನ್ನುವವರ ಮಾತಿಗೆ ಕಿವಿಗೊಡಬೇಡಿ.

ಎದೆಯಲ್ಲಿ ಗಂಟು ಸಿಕ್ಕಿದೆ. ಹಾರ್ಮೋನ್ ಟೆಸ್ಟ್ ನಾರ್ಮಲ್ ಬಂದಿದೆ, ನೋವೂ ಇಲ್ಲ. ಸ್ವಲ್ಪ ದಿನ ಕಾಯಬಹುದಾ?

ಕಾಯಬೇಡಿ. ಗಂಟಿನ ಬಗ್ಗೆ ಹಾರ್ಮೋನ್ ಟೆಸ್ಟ್ ಏನೂ ಹೇಳುವುದಿಲ್ಲ. ಕ್ಯಾನ್ಸರ್ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ, ಹಾಗಾಗಿ ನೋವಿಲ್ಲ ಅನ್ನುವುದು ಸಮಾಧಾನದ ಮಾತಲ್ಲ. ಮೊಲೆತೊಟ್ಟು ಒಳಗೆ ಎಳೆದುಕೊಂಡಿದ್ದರೆ, ರಕ್ತ ಸೋರಿದರೆ, ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಆಗಿದ್ದರೆ, ಕಂಕುಳಲ್ಲಿ ಗಡ್ಡೆ ಸಿಕ್ಕರೆ ಇದೇ ವಾರ ತೋರಿಸಿ. ಡಾಕ್ಟರ್ ಕೈಯಿಂದ ನೋಡುತ್ತಾರೆ, ಸ್ಕ್ಯಾನ್ ಅಥವಾ ಮ್ಯಾಮೋಗ್ರಾಮ್ ಮಾಡಿಸುತ್ತಾರೆ, ಬೇಕಾದರೆ ಸೂಜಿಯಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಅನ್ನುವ ಭಯಕ್ಕೆ ಎಷ್ಟೋ ಜನ ತಿಂಗಳುಗಟ್ಟಲೆ ಕಳೆದುಬಿಡುತ್ತಾರೆ. ಆ ಭಯ ಬೇಡ. ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲವೇ ಅಲ್ಲ.

ಗಂಟು ಇಲ್ಲದವರಿಗೂ ಕೈಯಿಂದ ನೋಡುವ ತಪಾಸಣೆ ಉಪಯುಕ್ತ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಇಪ್ಪತ್ತು ವರ್ಷ ಗಮನಿಸಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಎದೆ ಪರೀಕ್ಷಿಸಿದ ಗುಂಪಿನಲ್ಲಿ, 50 ದಾಟಿದವರ ಪೈಕಿ ಈ ಕಾಯಿಲೆಯಿಂದ ಸಾಯುವುದು ಸುಮಾರು ಶೇ 30 ಇಳಿಯಿತು. ಮೂವತ್ತು ದಾಟಿದ ಹೆಂಗಸರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ದಿನ ಹೋಗಬೇಕು ಅಂತ ಹೇಳುತ್ತಾರೆ. ತಾಯಿಗೋ ಅಕ್ಕ ತಂಗಿಗೋ ಈ ಕಾಯಿಲೆ ಬಂದಿದ್ದರೆ, ಅವರಿಗೆ ಎಷ್ಟನೇ ವಯಸ್ಸಿಗೆ ಬಂತು ಅನ್ನುವುದನ್ನು ಬರೆದುಕೊಂಡು ಹೋಗಿ. ಡಾಕ್ಟರಿಗೆ ನಿಮ್ಮ ಈಸ್ಟ್ರಡಯಾಲ್ ಅಂಕಿಗಿಂತ ಆ ಒಂದು ಸಾಲು ಹೆಚ್ಚು ಉಪಯೋಗಕ್ಕೆ ಬರುತ್ತದೆ.